ಕ್ಯಾಂಪಿಂಗ್ ಪಿಕಪ್‌ಗೆ ಎಂಥ ನೀರಿನ ಟ್ಯಾಂಕ್ ಹಾಕಿಸಬೇಕು?

ಪಿಕಪ್‌ನಲ್ಲಿ ಸಾಮಾನು ತುಂಬಿಕೊಂಡು ಹೋಗಿ ಎರಡು ರಾತ್ರಿ ಹೊರಗೆ ಕಳೆಯುವ ಹವ್ಯಾಸ ಚಿಕ್ಕಮಗಳೂರು, ಹಾಸನ ಕಡೆ ಈಗ ಚೆನ್ನಾಗಿಯೇ ಬೆಳೆದಿದೆ. ಟೆಂಟ್, ಲೈಟು, ಟೈರು, ವಿಂಚ್ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇದೆ. ನೀರಿನ ಟ್ಯಾಂಕ್ ವಿಷಯಕ್ಕೆ ಬಂದರೆ ಮಾತ್ರ ಎರಡೇ ಉತ್ತರ ಸಿಗುತ್ತದೆ. ಒಬ್ಬರು "ಮಲೆನಾಡಲ್ಲಿ ಇದ್ಕೊಂಡು ನೀರು ಹೊತ್ಕೊಂಡು ಹೋಗೋದಾ?" ಅಂತ ನಗುತ್ತಾರೆ. ಇನ್ನೊಬ್ಬರು "ಸುಮ್ನೆ 200 ಲೀಟರ್‌ದು ಹಾಕಿಸಿಬಿಡಿ, ತಲೆನೋವೇ ಇರಲ್ಲ" ಅನ್ನುತ್ತಾರೆ. ಇಬ್ಬರ ಮಾತೂ ಕೇಳಬೇಡಿ.

ನಗುವವರಿಗೆ ಮೊದಲು ಉತ್ತರ ಕೊಡೋಣ. ನಮ್ಮಲ್ಲಿ ಹೊರಗೆ ಮಲಗುವ ಕಾಲ ಅಂದರೆ ಮಳೆ ನಿಂತ ಮೇಲೆ, ನವೆಂಬರ್‌ನಿಂದ ಮಾರ್ಚ್‌ವರೆಗೆ. ಕಾಫಿ ಕೊಯ್ಲು ನಡೆಯುವುದೂ ಸರಿಯಾಗಿ ಆಗಲೇ. ಮೊದಲು ಅರೇಬಿಕಾ, ಅದರ ಹಿಂದೆಯೇ ರೋಬಸ್ಟಾ. ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವ ಪಲ್ಪಿಂಗ್ ಯೂನಿಟ್‌ಗಳು ಓಡುವುದು ಇದೇ ತಿಂಗಳುಗಳಲ್ಲಿ. ಅಲ್ಲಿಂದ ಹೊರಬರುವ ನೀರು ಹುಳಿ, ಲೋಳೆ. ಅದನ್ನು ಹೊಂಡದಲ್ಲಿ ಹಿಡಿದಿಡಬೇಕು. ಮೇಲಿನ ತೋಟದಲ್ಲಿ ಹಾಗೆ ಹಿಡಿದಿದ್ದಾರೋ ಇಲ್ಲವೋ ಕೆಳಗೆ ಹಳ್ಳದ ಪಕ್ಕ ಟೆಂಟ್ ಹಾಕಿದವರಿಗೆ ಗೊತ್ತಾಗುವುದಿಲ್ಲ. ಔಷಧಿ ಹೊಡೆದ ತೋಟದ ನೀರೂ ಅದೇ ಹಳ್ಳಕ್ಕೆ ಇಳಿಯುತ್ತದೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರ ಮುಟ್ಟುವ ಹೊತ್ತಿಗೆ ಎಷ್ಟೋ ತೋಟ, ಎಷ್ಟೋ ಊರು ದಾಟಿ ಬಂದಿರುತ್ತಾಳೆ. ನೋಡಲು ತಿಳಿಯಾಗಿದ್ದರೂ ಕುಡಿಯಲು ಬೇರೆ ನೀರೇ ಬೇಕು.

ಕುದಿಸಿದರೆ ಸಾಕಲ್ವಾ? ರೋಗಾಣುಗಳ ಮಟ್ಟಿಗೆ ಸಾಕು. ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟರೆ ಬ್ಯಾಕ್ಟೀರಿಯಾ, ವೈರಸ್ ಎಲ್ಲ ಸಾಯುತ್ತವೆ. 2,000 ಮೀಟರ್‌ಗಿಂತ ಎತ್ತರದಲ್ಲಿ ಮೂರು ನಿಮಿಷ ಕುದಿಸಬೇಕು ಅನ್ನುತ್ತಾರೆ. ಆದರೆ ನಮ್ಮ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್, ಹಾಗಾಗಿ ಈ ಎರಡು ಜಿಲ್ಲೆಗಳಲ್ಲಿ ಎಲ್ಲಿದ್ದರೂ ಒಂದು ನಿಮಿಷದ ಲೆಕ್ಕ ಸರಿ. ಕುದಿಸಿದರೂ ಹೋಗದ್ದು ಅಂದರೆ ರಾಸಾಯನಿಕ. ಕೀಟನಾಶಕ ಹೋಗುತ್ತದೆ ಅಂತ ನಂಬುವ ಹಾಗಿಲ್ಲ. ಫ್ಲೋರೈಡ್ ಅಂತೂ ಹೋಗುವುದೇ ಇಲ್ಲ. ಅರಸೀಕೆರೆ, ಕಡೂರು ಬದಿಯ ಬಯಲುಸೀಮೆಗೆ ಹೋದರೆ ಬೋರ್‌ವೆಲ್ ನೀರಿನಲ್ಲಿ ಈ ತೊಂದರೆ ಸಿಗುತ್ತದೆ. ಅಲ್ಲಿ ಬೇಸಿಗೆ ಹತ್ತಿರ ಬಂದರೆ ಹಳ್ಳವೂ ಇರುವುದಿಲ್ಲ, ಕೆರೆಯಲ್ಲಿ ಕೆಸರು ಮಾತ್ರ.

ಅಂದರೆ ನೀರು ಹೊತ್ತೇ ಹೋಗಬೇಕು. ಎಷ್ಟು, ಯಾವುದರಲ್ಲಿ, ಗಾಡಿಯ ಯಾವ ಜಾಗದಲ್ಲಿ ಅನ್ನುವುದು ಮುಂದಿನ ಪ್ರಶ್ನೆ. ಹೆಚ್ಚಿನವರು ಈ ಮೂರನ್ನೂ ಬಿಟ್ಟು ಯಾವ ಬ್ರ್ಯಾಂಡ್ ಅನ್ನುವಲ್ಲಿಂದ ಶುರು ಮಾಡುತ್ತಾರೆ. ಆಮೇಲೆ ಗಾಡಿಯ ಲೀಫ್ ಸ್ಪ್ರಿಂಗ್ (ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳು) ಭಾರಕ್ಕೆ ಮಟ್ಟಸ ಆದಾಗ ಯೋಚನೆ ಬರುತ್ತದೆ.

ಎಷ್ಟು ಲೀಟರ್ ನಿಜವಾಗಿ ಬೇಕು

ಮನೆಯಲ್ಲಿ ನಾವು ದಿನಕ್ಕೆ ಎಷ್ಟು ನೀರು ಖರ್ಚು ಮಾಡುತ್ತೇವೆ ಅನ್ನುವ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದರಲ್ಲಿ ಹೆಚ್ಚಿನ ಪಾಲು ಫ್ಲಶ್, ಬಟ್ಟೆ, ಸ್ನಾನಕ್ಕೆ ಹೋಗುತ್ತದೆ. ನೆರೆ, ಭೂಕಂಪದಂಥ ವಿಪತ್ತಿನ ಪರಿಹಾರ ಶಿಬಿರಗಳಿಗೆ ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಮಾನದಂಡ ಒಬ್ಬರಿಗೆ ದಿನಕ್ಕೆ 7.5ರಿಂದ 15 ಲೀಟರ್ ಅನ್ನುತ್ತದೆ. ಕುಡಿಯಲು ಮತ್ತು ಆಹಾರದ ಜೊತೆಗೆ 2.5ರಿಂದ 3 ಲೀಟರ್, ಶುಚಿತ್ವಕ್ಕೆ 2ರಿಂದ 6, ಅಡುಗೆಗೆ 3ರಿಂದ 6. ಕ್ಯಾಂಪಿಂಗ್‌ಗೂ ಇದೇ ಅಳತೆ ಚೆನ್ನಾಗಿ ಹೊಂದುತ್ತದೆ. ನಾನು ಒಬ್ಬರಿಗೆ ದಿನಕ್ಕೆ 10 ಲೀಟರ್ ಅಂತ ಇಟ್ಟುಕೊಳ್ಳಿ ಅನ್ನುತ್ತೇನೆ. ನಾಲ್ಕು ಜನ, ಎರಡು ದಿನ ಅಂದರೆ 80 ಲೀಟರ್. ಗಾಡಿ ಕೆಸರಲ್ಲಿ ಹೂತು ಒಂದು ರಾತ್ರಿ ಜಾಸ್ತಿ ಆದರೆ ಅಂತ ಇನ್ನೊಂದು 20. ಒಟ್ಟು 100.

ಈ 10 ಲೀಟರ್‌ನಲ್ಲಿ ಸ್ನಾನ ಇಲ್ಲ. ಚೊಂಬಿನಲ್ಲಿ ಹಾಕಿಕೊಂಡರೆ ಐದಾರು ಲೀಟರ್‌ನಲ್ಲಿ ಮೈ ತೊಳೆದು ಮುಗಿಯುತ್ತದೆ. ಶವರ್ ಹಾಕಿಸಿದರೆ ಅದರ ಮೂರು ಪಟ್ಟು ಬೇಕು. ಪಾತ್ರೆ ತೊಳೆಯುವುದೂ ಹೀಗೆಯೇ. ಅನ್ನ ಸಾರು ಮಾಡಿದ ಪಾತ್ರೆಯನ್ನು ಹರಿಯುವ ನಲ್ಲಿ ಕೆಳಗೆ ತೊಳೆದರೆ ಎಷ್ಟು ದೊಡ್ಡ ಟ್ಯಾಂಕ್ ಇದ್ದರೂ ಸಾಲದು. ಎರಡು ಬೋಗುಣಿ ಇಟ್ಟುಕೊಂಡು ಒಂದರಲ್ಲಿ ಉಜ್ಜಿ ಇನ್ನೊಂದರಲ್ಲಿ ಜಾಲಿಸಿದರೆ ನಾಲ್ಕೈದು ಲೀಟರ್‌ನಲ್ಲಿ ಆಗುತ್ತದೆ. ಟ್ಯಾಂಕ್ ದೊಡ್ಡದು ಮಾಡುವ ಮೊದಲು ಇದನ್ನು ಯೋಚಿಸಿದರೆ ದುಡ್ಡೂ ಉಳಿಯುತ್ತದೆ, ಭಾರವೂ ಉಳಿಯುತ್ತದೆ.

ಲೀಟರ್ ಮರೆತು ಕೆಜಿ ನೋಡಿ

ಒಂದು ಲೀಟರ್ ನೀರು ಒಂದು ಕೆಜಿ. ಎಲ್ಲರಿಗೂ ಗೊತ್ತಿರುವ ವಿಷಯ, ಆದರೆ ಟ್ಯಾಂಕ್ ತೆಗೆದುಕೊಳ್ಳುವಾಗ ಯಾಕೋ ಯಾರಿಗೂ ನೆನಪಾಗುವುದಿಲ್ಲ. 200 ಲೀಟರ್ ಟ್ಯಾಂಕ್ ಅಂದರೆ ಹಿಂದೆ ಮೂವರು ದೊಡ್ಡವರನ್ನು ಕೂರಿಸಿಕೊಂಡು ಊರೆಲ್ಲ ಸುತ್ತಿದಷ್ಟು ಭಾರ.

ಗಾಡಿ ಎಷ್ಟು ಹೊರಬಹುದು ಅನ್ನುವುದು ಕಂಪನಿಯ ಕೈಪಿಡಿಯಲ್ಲಿ ಇರುತ್ತದೆ. ಗಾಡಿಯ ಒಟ್ಟು ಭಾರಮಿತಿಯಿಂದ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು ನಿಮ್ಮ ಪಾಲು. ಖಾಲಿ ತೂಕ ಆರ್‌ಸಿಯಲ್ಲೂ ಇರುತ್ತದೆ. ಆ ತೂಕದಲ್ಲಿ ಡ್ರೈವರ್ ಸೇರಿರುವುದಿಲ್ಲ, ಇದನ್ನು ಮರೆಯಬೇಡಿ. ಕಾಫಿ ಮೂಟೆ, ಗೊಬ್ಬರ ಹೊರುವ ಗೂಡ್ಸ್ ಪಿಕಪ್‌ಗಳಲ್ಲಿ ಈ ಪಾಲು ಒಂದು ಟನ್ ದಾಟುತ್ತದೆ. ಕುಟುಂಬ ಕೂರಿಸಿಕೊಂಡು ಹೋಗಲು ತೆಗೆದುಕೊಳ್ಳುವ ಡಬಲ್ ಕ್ಯಾಬ್‌ಗಳಲ್ಲಿ, ಜೀಪ್‌ಗಳಲ್ಲಿ ಕೆಲವು ನೂರು ಕೆಜಿ ಅಷ್ಟೇ. ಕ್ಯಾಂಪಿಂಗ್‌ಗೆ ಹೋಗುವುದು ಹೆಚ್ಚಾಗಿ ಈ ಎರಡನೇ ಬಗೆಯ ಗಾಡಿ.

ಲೆಕ್ಕಕ್ಕೆ ನಿಮ್ಮ ಗಾಡಿಯ ಪಾಲು 500 ಕೆಜಿ ಅಂತ ಇಟ್ಟುಕೊಳ್ಳಿ. ನಾಲ್ಕು ಜನ ತಲಾ 70 ಕೆಜಿ, ಅಲ್ಲಿಗೆ 280 ಮುಗಿಯಿತು. ಗಾಡಿಯ ಟಾಪ್ ಮೇಲಿನ ಟೆಂಟು, ಅದರ ಕಂಬಿ ಸೇರಿ 80. ಒಲೆ, ಗ್ಯಾಸ್, ಪಾತ್ರೆ, ಅಕ್ಕಿ ಬೇಳೆ, ಹಾಸಿಗೆ, ಜಾಕ್, ಹಗ್ಗ ಎಲ್ಲ ಸೇರಿ ಇನ್ನೊಂದು 60. ಉಳಿದದ್ದು 80 ಕೆಜಿ. ಇದರಲ್ಲಿ ಟ್ಯಾಂಕಿನ ಸ್ವಂತ ತೂಕವೂ ಬರಬೇಕು. 200 ಲೀಟರ್ ಹಾಕಿಸಿದರೆ ಮಿತಿ ದಾಟಿ 120 ಕೆಜಿ ಆಚೆ ಹೋಗುತ್ತೀರಿ. ಬ್ರೇಕ್ ಹಿಡಿಯುವ ದೂರ ಜಾಸ್ತಿ ಆಗುತ್ತದೆ, ಟೈರ್ ಬಿಸಿಯಾಗುತ್ತದೆ, ಚಾರ್ಮಾಡಿ ಇಳಿಯುವಾಗ ಬ್ರೇಕಿನ ವಾಸನೆ ಬರುತ್ತದೆ.

ಅಂದಾಜಿನ ಮೇಲೆ ಬಿಡಬೇಡಿ. ಸಾಮಾನೆಲ್ಲ ತುಂಬಿ, ಜನರನ್ನೂ ಕೂರಿಸಿ, ಯಾವುದಾದರೂ ವೇಬ್ರಿಡ್ಜ್‌ಗೆ ಗಾಡಿ ಹತ್ತಿಸಿ. ಕಾಫಿ, ಮೆಣಸು ವ್ಯಾಪಾರ ನಡೆಯುವ ಊರುಗಳಲ್ಲಿ ವೇಬ್ರಿಡ್ಜ್‌ಗೆ ಬರ ಇಲ್ಲ. ಪೂರ್ತಿ ತೂಕ ನೋಡಿದ ಮೇಲೆ ಮುಂದಿನ ಚಕ್ರ ಮಾತ್ರ ಆಚೆ ಇಳಿಸಿ ಹಿಂದಿನ ಆಕ್ಸಲ್ (ಎರಡೂ ಚಕ್ರ ಸೇರಿಸುವ ಅಚ್ಚು) ಮೇಲಿನ ಭಾರವನ್ನೂ ತೂಗಿಸಿ. ಅಷ್ಟು ಮಾಡಿದರೆ ಟ್ಯಾಂಕ್ ಎಷ್ಟು ದೊಡ್ಡದಿರಬೇಕು ಅನ್ನುವ ಅರ್ಧ ಚರ್ಚೆ ಅಲ್ಲೇ ಮುಗಿಯುತ್ತದೆ.

ಭಾರ ಎಲ್ಲಿ ಕೂರಬೇಕು

ಟ್ಯಾಂಕ್ ಯಾವುದು ಅನ್ನುವುದಕ್ಕಿಂತ ಅದು ಎಲ್ಲಿ ಕೂರುತ್ತದೆ ಅನ್ನುವುದು ದೊಡ್ಡ ವಿಷಯ. ಹೆಚ್ಚಿನವರಿಗೆ ಕಾಣುವ ಜಾಗ ಹಿಂದಿನ ಬಾಗಿಲ ಪಕ್ಕ. ನಲ್ಲಿ ಕೈಗೆ ಸಿಗುತ್ತದೆ, ತುಂಬಿಸಲು ಸುಲಭ. ಆದರೆ ಅದೇ ಕೆಟ್ಟ ಜಾಗ.

ಪಿಕಪ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಸುಮಾರು 3 ಮೀಟರ್ ದೂರ ಇರುತ್ತದೆ. ಹಿಂದಿನ ಆಕ್ಸಲ್‌ಗಿಂತ 75 ಸೆಂಟಿಮೀಟರ್ ಹಿಂದೆ 100 ಕೆಜಿ ಇಟ್ಟರೆ, ಸನ್ನೆಗೋಲಿನ ಲೆಕ್ಕದಲ್ಲಿ ಹಿಂದಿನ ಚಕ್ರಗಳ ಮೇಲೆ 125 ಕೆಜಿ ಬೀಳುತ್ತದೆ, ಮುಂದಿನ ಚಕ್ರಗಳಿಂದ 25 ಕೆಜಿ ಎತ್ತಿದಂತಾಗುತ್ತದೆ. ಮಟ್ಟ ರಸ್ತೆಯಲ್ಲಿ ಇದು ಗೊತ್ತಾಗುವುದಿಲ್ಲ. ತೋಟದ ಜೀಪ್ ರಸ್ತೆಯಲ್ಲಿ ಏರು ಹತ್ತುವಾಗ ಸ್ಟಿಯರಿಂಗ್ ಹಗುರ ಆಗುವುದು, ಮುಂದಿನ ಚಕ್ರ ಹೇಳಿದ ಮಾತು ಕೇಳದೆ ನೇರ ಹೋಗುವುದು, ಇದೆಲ್ಲ ಅದರಿಂದಲೇ. ಅದೇ 100 ಕೆಜಿಯನ್ನು ಹಿಂದಿನ ಆಕ್ಸಲ್‌ಗಿಂತ 75 ಸೆಂಟಿಮೀಟರ್ ಮುಂದೆ, ಅಂದರೆ ಕ್ಯಾಬಿನ್ ಗೋಡೆಗೆ ಒತ್ತಿ ಇಟ್ಟರೆ ಹಿಂದೆ 75, ಮುಂದೆ 25 ಅಂತ ಹಂಚಿಹೋಗುತ್ತದೆ. ಒಂದೇ ಟ್ಯಾಂಕ್, ಜಾಗ ಬದಲಾದ ಮಾತ್ರಕ್ಕೆ ಹಿಂದಿನ ಸ್ಪ್ರಿಂಗ್‌ಗೆ 50 ಕೆಜಿ ಉಳಿತಾಯ. ನಲ್ಲಿ ಹಿಂದೆ ಬೇಕು ಅಂದರೆ ಒಂದೂವರೆ ಮೀಟರ್ ಪೈಪ್ ಎಳೆದರೆ ಆಯಿತು.

ಎತ್ತರವೂ ಅಷ್ಟೇ ಮುಖ್ಯ. ಟಾಪ್ ಮೇಲೆ ನೀರು ಬೇಡ. ಟಾಪ್‌ಗೆ ಕಂಪನಿ ಹೇಳುವ ಭಾರಮಿತಿ ಚಿಕ್ಕದು, ಅದರಲ್ಲಿ ಟೆಂಟ್ ಈಗಾಗಲೇ ಕೂತಿದೆ. ಒಂದು ಬದಿ ವಾಲಿದ ದಾರಿಯಲ್ಲಿ ಮೇಲಿನ ಭಾರ ಗಾಡಿಯನ್ನು ಉರುಳಿಸುವ ಕಡೆಗೇ ಎಳೆಯುತ್ತದೆ. ಕೆಲವರು ಟಾಪ್ ಮೇಲೆ ಕಪ್ಪು ಬಣ್ಣ ಬಳಿದ ಪಿವಿಸಿ ಪೈಪ್ ಕಟ್ಟಿಕೊಳ್ಳುತ್ತಾರೆ, ಬಿಸಿಲಿಗೆ ನೀರು ಬೆಚ್ಚಗಾಗಲಿ ಅಂತ. 110 ಮಿ.ಮೀ. ಪೈಪ್‌ನಲ್ಲಿ ಮೀಟರಿಗೆ ಎಂಟೊಂಬತ್ತು ಲೀಟರ್ ಹಿಡಿಯುತ್ತದೆ. ಒಂದೂವರೆ ಮೀಟರ್ ಪೈಪ್ ಆದರೆ ಕೈಕಾಲು, ಮೈ ತೊಳೆಯಲು ಸಾಕು, ಭಾರವೂ ಜಾಸ್ತಿ ಅಲ್ಲ. ಅಷ್ಟಕ್ಕೆ ನನ್ನ ತಕರಾರು ಇಲ್ಲ. ಕುಡಿಯಲು ಮಾತ್ರ ಆ ನೀರು ಬೇಡ.

ಗಾಡಿಯ ತಳದ ಚೌಕಟ್ಟಾದ ಚಾಸಿ ಕೆಳಗೆ ಟ್ಯಾಂಕ್ ಕಟ್ಟಿಸುವವರೂ ಇದ್ದಾರೆ. ಭಾರ ಕೆಳಗೆ ಕೂರುತ್ತದೆ, ಮೇಲೆ ಜಾಗ ಉಳಿಯುತ್ತದೆ, ಕೇಳಲು ಚೆನ್ನಾಗಿದೆ. ನಮ್ಮ ದಾರಿಯಲ್ಲಿ ಕಲ್ಲು ಬಡಿಯುತ್ತದೆ, ಸೈಲೆನ್ಸರ್ ಶಾಖ ತಾಗುತ್ತದೆ, ಕೆಸರು ಮೆತ್ತಿಕೊಂಡರೆ ನಲ್ಲಿ ಎಲ್ಲಿದೆ ಅಂತ ಹುಡುಕಬೇಕು. ದಪ್ಪ ರಕ್ಷಣಾ ತಗಡು ಹಾಕಿಸಿದರೆ ಅದರದ್ದೇ ಇನ್ನೊಂದಿಷ್ಟು ಕೆಜಿ. ನನಗೆ ಇದು ಒಗ್ಗಿಲ್ಲ.

ಇನ್ನು ನೀರು ಅಲ್ಲಾಡುವ ವಿಷಯ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜ. ಟ್ಯಾಂಕ್ ಪೂರ್ತಿ ತುಂಬಿದ್ದರೆ ಅಥವಾ ಖಾಲಿ ಇದ್ದರೆ ತೊಂದರೆ ಇಲ್ಲ, ಅರ್ಧ ಇದ್ದಾಗಲೇ ಕಷ್ಟ. ತಿರುವಿನಲ್ಲಿ ನೀರೆಲ್ಲ ಹೊರಗಿನ ಬದಿಗೆ ಓಡುತ್ತದೆ. ಮುಂದಿನ ತಿರುವು ಎದುರು ದಿಕ್ಕಿಗೆ ಬಂದಾಗ ಅದು ಒಂದು ಕ್ಷಣ ತಡವಾಗಿ ಈ ಬದಿಗೆ ಬಡಿಯುತ್ತದೆ. ಬಿಸಿಲೆ ಘಾಟಿಯಂಥ ಸಾಲು ತಿರುವಿನ ರಸ್ತೆಯಲ್ಲಿ ಈ ಬಡಿತ ಗಾಡಿಯ ಓಲಾಟದ ಜೊತೆ ಕೂಡಿಕೊಂಡರೆ ಡ್ರೈವರ್‌ಗೆ ಬೆವರು ಬರುತ್ತದೆ. ಅಗಲವಾಗಿ, ತೆಳ್ಳಗೆ ಇರುವ ಟ್ಯಾಂಕಿನಲ್ಲಿ ನೀರಿಗೆ ಓಡಲು ಜಾಗ ಜಾಸ್ತಿ. ಕಿರಿದಾಗಿ ಎತ್ತರ ಇರುವುದರಲ್ಲಿ ಕಡಿಮೆ, ಆದರೆ ಭಾರ ಮೇಲೇರುತ್ತದೆ. ಇದಕ್ಕೆ ಪರಿಹಾರ ಒಳಗಿನ ಅಡ್ಡ ತಡೆಗೋಡೆ. ಪೆಟ್ರೋಲ್ ಟ್ಯಾಂಕರ್‌ಗಳಲ್ಲಿ ಇರುವುದೂ ಇದೇ. ತೂತು ಇರುವ ತಗಡುಗಳನ್ನು ಒಳಗೆ ಬೆಸೆದಿರುತ್ತಾರೆ. ನೀರು ದಾಟುತ್ತದೆ, ಓಡುವುದಿಲ್ಲ. 60 ಲೀಟರ್‌ಗಿಂತ ದೊಡ್ಡ ಒಂದೇ ಟ್ಯಾಂಕ್ ಮಾಡಿಸುವುದಾದರೆ ತಡೆಗೋಡೆ ಇಲ್ಲದ್ದನ್ನು ಒಪ್ಪಬೇಡಿ. ಅಥವಾ ಒಂದು ದೊಡ್ಡದರ ಬದಲು ನಾಲ್ಕು ಚಿಕ್ಕ ಕ್ಯಾನ್ ಇಡಿ. ಒಂದು ಮುಗಿಸಿ ಇನ್ನೊಂದು ತೆರೆದರೆ ಯಾವಾಗ ನೋಡಿದರೂ ಅರ್ಧ ಇರುವುದು ಒಂದೇ ಕ್ಯಾನ್.

ಕಟ್ಟುವುದರಲ್ಲಿ ಸೋಮಾರಿತನ ಬೇಡ. ಟಾರ್ ರಸ್ತೆಯಲ್ಲಿ ಗಟ್ಟಿ ಬ್ರೇಕ್ ಹಾಕಿದರೆ 100 ಕೆಜಿ ಟ್ಯಾಂಕ್ ಮುಂದಕ್ಕೆ ಸುಮಾರು 75 ಕೆಜಿ ಬಲದಲ್ಲಿ ನೂಕುತ್ತದೆ. ಎದುರಿನ ಗಾಡಿಗೆ ಗುದ್ದಿದರೆ ಆ ಬಲ ಹತ್ತಾರು ಪಟ್ಟು. ಹಗ್ಗದ ಗಂಟು ಇದಕ್ಕೆ ಸಾಲುವುದಿಲ್ಲ. ಲೋಡ್ ಮಿತಿ ಬರೆದಿರುವ, ಹಿಡಿ ಎಳೆದು ಬಿಗಿಸುವ ರ‍್ಯಾಚೆಟ್ ಬೆಲ್ಟ್, ಅದನ್ನು ಸಿಕ್ಕಿಸಲು ಚಾಸಿಗೆ ಅಥವಾ ಹಿಂದೆ ಸಾಮಾನು ಹಾಕುವ ಬೆಡ್‌ನ ಗಟ್ಟಿ ಭಾಗಕ್ಕೆ ಬೋಲ್ಟ್ ಮಾಡಿದ ಕೊಂಡಿ ಬೇಕು. ಬರೀ ತಗಡಿಗೆ ಸ್ಕ್ರೂ ಹೊಡೆದ ಕೊಂಡಿ ಕಿತ್ತು ಬರುತ್ತದೆ. ಟ್ಯಾಂಕಿನ ಅಡಿಗೆ ರಬ್ಬರ್ ಶೀಟ್ ಹಾಸಿ, ಇಲ್ಲದಿದ್ದರೆ ಬೆಡ್‌ನ ಏಣುಗಳು ಉಜ್ಜಿ ಉಜ್ಜಿ ತೂತು ಮಾಡುತ್ತವೆ.

ಯಾವ ವಸ್ತುವಿನ ಟ್ಯಾಂಕ್

ಇಲ್ಲಿ ಮೊದಲು ಒಂದು ಎಚ್ಚರಿಕೆ. ಕಾಫಿ ನಾಡಿನಲ್ಲಿ ಖಾಲಿ ಕ್ಯಾನ್, ನೀಲಿ ಡ್ರಮ್‌ಗಳಿಗೆ ಕೊರತೆ ಇಲ್ಲ. ಔಷಧಿ ಬಂದ ಕ್ಯಾನ್, ಮೈಲುತುತ್ತು ಕರಗಿಸಿ ಬೋರ್ಡೋ ಮಾಡಿದ ಡ್ರಮ್ ಶೆಡ್‌ನಲ್ಲಿ ಬಿದ್ದಿರುತ್ತವೆ. "ಚೆನ್ನಾಗಿ ತೊಳೆದಿದೀವಿ" ಅಂದರೂ ಅವುಗಳಲ್ಲಿ ಕುಡಿಯುವ ನೀರು ತುಂಬಬಾರದು. ಪ್ಲಾಸ್ಟಿಕ್ ಕೆಲವು ರಾಸಾಯನಿಕಗಳನ್ನು ತನ್ನೊಳಗೆ ಹೀರಿಕೊಂಡು ಆಮೇಲೆ ನಿಧಾನಕ್ಕೆ ನೀರಿಗೆ ಬಿಡುತ್ತದೆ. ಸೋಪು ಹಾಕಿ ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಪಾತ್ರೆ ತೊಳೆಯಲು ಅಂತಲೂ ಬೇಡ, ಯಾಕೆಂದರೆ ಕತ್ತಲಲ್ಲಿ ಯಾರೋ ಒಬ್ಬರು ಅದರಿಂದಲೇ ಕುಡಿಯುತ್ತಾರೆ.

ಹೊಸದು ತೆಗೆದುಕೊಳ್ಳುವಾಗ ಅಡಿಯಲ್ಲಿ ತ್ರಿಕೋನದೊಳಗಿನ ಸಂಖ್ಯೆ ನೋಡಿ. 2 ಇದ್ದರೆ ಎಚ್‌ಡಿಪಿಇ, 5 ಇದ್ದರೆ ಪಾಲಿಪ್ರೊಪಿಲಿನ್. ಎರಡೂ ನೀರಿಗೆ ಒಳ್ಳೆಯವು. ಆದರೆ ಆ ಸಂಖ್ಯೆ ಪ್ಲಾಸ್ಟಿಕ್ ಯಾವ ಜಾತಿಯದ್ದು ಅಂತ ಮಾತ್ರ ಹೇಳುತ್ತದೆ. ಹಳೆ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದಕ್ಕೂ ಅದೇ ಸಂಖ್ಯೆ ಬರುತ್ತದೆ. ಫುಡ್ ಗ್ರೇಡ್ ಅಂತ ಬರೆದಿರಬೇಕು, ಅಥವಾ ಲೋಟ ಮತ್ತು ಫೋರ್ಕ್ ಚಿತ್ರ ಇರಬೇಕು.

20 ಲೀಟರ್‌ನ ಎಚ್‌ಡಿಪಿಇ ಕ್ಯಾನ್ ನನ್ನ ಮೊದಲ ಆಯ್ಕೆ. ಅಗ್ಗ, ಎಲ್ಲ ಊರಲ್ಲೂ ಸಿಗುತ್ತದೆ, ಒಡೆದರೆ ಹೋಗುವುದು 20 ಲೀಟರ್ ಮಾತ್ರ. ತುಂಬಿದರೆ 20 ಕೆಜಿ ಚಿಲ್ಲರೆ, ಒಬ್ಬರು ಎತ್ತಬಹುದು. ಇನ್ನೊಂದು ಕಾರಣ ಹೆಚ್ಚಿನವರ ತಲೆಗೆ ಬರುವುದಿಲ್ಲ. ಹಳ್ಳಿಗಳಲ್ಲಿ ಈಗ ಒಳ್ಳೆ ನೀರು ಸಿಗುವುದು ಶುದ್ಧ ಕುಡಿಯುವ ನೀರಿನ ಘಟಕದಲ್ಲಿ. ನಾಣ್ಯ ಹಾಕಿದರೆ ಒಂದು ಕ್ಯಾನ್ ತುಂಬುವಷ್ಟು ನೀರು ಬಿಡುತ್ತದೆ. ಆ ನಲ್ಲಿ ಕ್ಯಾನ್ ಇಡುವ ಎತ್ತರಕ್ಕೆ ಇರುತ್ತದೆ, ಪೈಪ್ ಸಿಕ್ಕಿಸಲು ಬರುವುದಿಲ್ಲ. ಗಾಡಿಯೊಳಗೆ ಬೋಲ್ಟ್ ಮಾಡಿದ 100 ಲೀಟರ್ ಟ್ಯಾಂಕ್ ಇಟ್ಟುಕೊಂಡು ಅಲ್ಲಿ ನಿಂತರೆ, ಯಾರದ್ದಾದರೂ ಕ್ಯಾನ್ ಕಡ ತೆಗೆದುಕೊಂಡು ಐದು ಸಲ ಎತ್ತಿ ಸುರಿಯಬೇಕು. ಹಿಂದೆ ಕ್ಯೂ ನಿಂತವರ ಮುಖವನ್ನೂ ನೋಡಬೇಕು.

ಮನೆ ಮೇಲಿಡುವ ಓವರ್‌ಹೆಡ್ ಟ್ಯಾಂಕನ್ನೇ ಪಿಕಪ್‌ಗೆ ಏರಿಸುವುದು ನಮ್ಮಲ್ಲಿ ಬೇಸಿಗೆಯ ಮಾಮೂಲಿ ದೃಶ್ಯ. ಅಂಥ ಟ್ಯಾಂಕ್‌ಗಳಿಗೆ ಐ.ಎಸ್. 12701 ಅನ್ನುವ ಭಾರತೀಯ ಮಾನಕ ಇದೆ, ನೀರಿನ ಗುಣದ ಮಟ್ಟಿಗೆ ಅವು ಒಳ್ಳೆಯವೇ. ಆದರೆ ಅವು ಮಟ್ಟಸ ಕಟ್ಟೆ ಮೇಲೆ ಸುಮ್ನೆ ಕೂರಲು ಮಾಡಿದವು. ದುಂಡಗೆ, ಎತ್ತರಕ್ಕೆ ಇರುತ್ತವೆ, ಒಳಗೆ ತಡೆಗೋಡೆ ಇಲ್ಲ, ಬೆಲ್ಟ್ ಹಿಡಿಯಲು ಮೂಲೆ ಇಲ್ಲ. ತೋಟದ ಗಿಡಕ್ಕೆ ನೀರು ಹೊಡೆಯಲು ನಿಧಾನಕ್ಕೆ ಎರಡು ಕಿಲೋಮೀಟರ್ ಹೋಗುವುದು ಬೇರೆ, ಘಾಟಿ ಇಳಿಯುವುದು ಬೇರೆ.

ಸ್ಟೀಲ್ ಟ್ಯಾಂಕ್‌ಗೆ ಹಾಸನದಲ್ಲಿ, ಚಿಕ್ಕಮಗಳೂರಿನಲ್ಲಿ ಒಳ್ಳೆ ಫ್ಯಾಬ್ರಿಕೇಶನ್ ಶಾಪ್‌ಗಳಿವೆ. 304 ಗ್ರೇಡ್ ಸ್ಟೀಲ್ ಕೇಳಿ. ಬೆಳಕು ಬೀಳದ ಕಾರಣ ಪಾಚಿ ಕಟ್ಟುವುದಿಲ್ಲ, ವಾಸನೆ ಹಿಡಿಯುವುದಿಲ್ಲ, ನಿಮ್ಮ ಬೆಡ್‌ಗೆ ಸರಿಯಾಗಿ ಕೂರುವ ಅಳತೆಗೆ ಮಾಡಿಸಬಹುದು. 100 ಸೆಂ.ಮೀ. ಉದ್ದ, 50 ಅಗಲ, 20 ಎತ್ತರ ಇದ್ದರೆ ಸರಿಯಾಗಿ 100 ಲೀಟರ್. ಸೆಂಟಿಮೀಟರ್‌ನಲ್ಲಿ ಮೂರೂ ಗುಣಿಸಿ 1,000ದಿಂದ ಭಾಗಿಸಿದರೆ ಲೀಟರ್ ಬರುತ್ತದೆ. ಇದೇ ಅಳತೆಯನ್ನು 1.5 ಮಿ.ಮೀ. ಸ್ಟೀಲ್‌ನಲ್ಲಿ ಮಾಡಿದರೆ ಖಾಲಿ ಟ್ಯಾಂಕೇ ಸುಮಾರು 19 ಕೆಜಿ, ತಡೆಗೋಡೆ ಸೇರಿ ಇನ್ನೂ ಜಾಸ್ತಿ. 6 ಮಿ.ಮೀ. ದಪ್ಪದ ಪ್ಲಾಸ್ಟಿಕ್‌ನಲ್ಲಿ ಅದರ ಅರ್ಧ. ಸ್ಟೀಲ್‌ನಲ್ಲಿ ಕೆಡುವ ಜಾಗ ಬೆಸುಗೆ. ಒಳಬದಿಯ ಬೆಸುಗೆಯನ್ನು ಶುಚಿ ಮಾಡದೆ ಬಿಟ್ಟರೆ ಅಲ್ಲೇ ತುಕ್ಕಿನ ಚುಕ್ಕೆ ಶುರುವಾಗುತ್ತದೆ. ಕೈ ಹಾಕಿ ಉಜ್ಜುವಷ್ಟು ದೊಡ್ಡ ಮುಚ್ಚಳ ಇಡಿಸಿ. ಇದನ್ನು ಕೇಳದಿದ್ದರೆ ಎರಡು ಇಂಚಿನ ಬಾಯಿ ಇಟ್ಟು ಕೊಡುತ್ತಾರೆ, ಆಮೇಲೆ ಒಳಗೆ ಏನಿದೆ ಅಂತ ದೇವರಿಗೇ ಗೊತ್ತು.

ಮೆತ್ತನೆಯ ಚೀಲದಂಥ ಬ್ಲ್ಯಾಡರ್ ಟ್ಯಾಂಕ್‌ಗಳೂ ಸಿಗುತ್ತವೆ. ನೀರು ಖಾಲಿಯಾದಂತೆ ಚೀಲವೂ ಕುಗ್ಗುವುದರಿಂದ ಅಲ್ಲಾಟ ತೀರಾ ಕಡಿಮೆ, ಮುಗಿದ ಮೇಲೆ ಮಡಚಿ ಇಡಬಹುದು. ಆದರೆ ಒಂದು ಮುಳ್ಳು, ಒಂದು ಸ್ಕ್ರೂ ತುದಿ ಸಾಕು. ಒಳಗೆ ಒಣಗಿಸುವುದೂ ಕಷ್ಟ. ನಮ್ಮ ತೇವದ ಹವೆಯಲ್ಲಿ ಬೂಷ್ಟು ಹಿಡಿಯಲು ಎರಡು ವಾರ ಬೇಡ.

ಬಣ್ಣದ ವಿಷಯ ಚಿಕ್ಕದು. ಅರೆಪಾರದರ್ಶಕ ಬಿಳಿ ಕ್ಯಾನ್‌ನಲ್ಲಿ ನೀರು ಎಷ್ಟಿದೆ ಅಂತ ಕಾಣುತ್ತದೆ, ಆದರೆ ಬಿಸಿಲಿಗಿಟ್ಟರೆ ಪಾಚಿ ಬರುತ್ತದೆ. ಟಾರ್ಪಾಲ್ ಮುಚ್ಚಿದರೆ ಮುಗಿಯಿತು.

ನಲ್ಲಿ, ಪಂಪ್, ಗಾಳಿ ಕೊಳವೆ

ಗಟ್ಟಿ ಟ್ಯಾಂಕ್ ಹಾಕಿಸಿದವರು ಮರೆಯುವುದು ಗಾಳಿ ಕೊಳವೆಯನ್ನು. ನೀರು ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಇಲ್ಲದಿದ್ದರೆ ನಲ್ಲಿಯಲ್ಲಿ ನೀರು ಗುಳುಗುಳು ಅಂತ ನಿಂತು ನಿಂತು ಬರುತ್ತದೆ, ಪಂಪ್ ಇದ್ದರೆ ಪ್ಲಾಸ್ಟಿಕ್ ಟ್ಯಾಂಕ್ ಒಳಕ್ಕೆ ಕುಗ್ಗುತ್ತದೆ. ತುಂಬಿಸುವಾಗ ಇದರ ಉಲ್ಟಾ, ಗಾಳಿ ಹೊರಗೆ ಹೋಗಲಾರದೆ ನೀರು ಬಾಯಿಂದ ವಾಪಸ್ ಚಿಮ್ಮುತ್ತದೆ. ಟ್ಯಾಂಕಿನ ಮೇಲ್ಭಾಗದಿಂದ ಒಂದು ಸಣ್ಣ ಪೈಪ್ ಎತ್ತರಕ್ಕೆ ಒಯ್ದು, ತುದಿಯನ್ನು ಕೆಳಕ್ಕೆ ಬಗ್ಗಿಸಿ, ಧೂಳು ಮತ್ತು ಇರುವೆ ಹೋಗದಂತೆ ಸಣ್ಣ ಜಾಲರಿ ಕಟ್ಟಿ.

ನಲ್ಲಿಯ ಹತ್ತಿರ ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಟ್ಯಾಂಕ್ ನಿಪ್ಪಲ್, ಎರಡೂ ಬದಿ ರಬ್ಬರ್ ವಾಷರ್, ಅದರ ಪಕ್ಕದಲ್ಲೇ ಒಂದು ಬಾಲ್ ವಾಲ್ವ್ ಬೇಕು. ವಾಲ್ವ್ ಟ್ಯಾಂಕಿಗೆ ಅಂಟಿಕೊಂಡೇ ಇರಲಿ. ಮುಂದಿನ ಪೈಪ್ ಎಲ್ಲೋ ಕಿತ್ತುಹೋದರೂ ನೀರು ಉಳಿಯುತ್ತದೆ. ಟ್ಯಾಂಕಿನಿಂದ ಪೈಪಿಗೆ ಬಿಗಿಯಾದ ಜೋಡಣೆ ಬೇಡ, ಒಂದಡಿ ಮೆತ್ತನೆ ಹೋಸ್ ಇರಲಿ. ಗಾಡಿ ಕುಲುಕುವಾಗ ಬಿಗಿಯಾದದ್ದೇ ಮೊದಲು ಬಿರುಕು ಬಿಡುವುದು. ಗಿಡಕ್ಕೆ ಹಾಕುವ ಹಸಿರು ಪೈಪ್ ತಂದು ಜೋಡಿಸಬೇಡಿ. ಬಿಸಿಲಿಗೆ ನಿಂತ ನೀರಿಗೆ ಅದರ ರುಚಿ ಇಳಿಯುತ್ತದೆ. ಫುಡ್ ಗ್ರೇಡ್ ಹೋಸ್ ಕೇಳಿ ತನ್ನಿ.

ಪಂಪ್ ಬೇಕಾ? ಕ್ಯಾನ್‌ಗೆ ನಲ್ಲಿ ಹಾಕಿ ಬೆಡ್ ಅಂಚಿಗೆ ಇಟ್ಟರೆ ಪಾತ್ರೆಗೆ, ಚೊಂಬಿಗೆ ನೀರು ತಾನೇ ಬೀಳುತ್ತದೆ. ಒಂದು ಮೀಟರ್ ಎತ್ತರಕ್ಕೆ ಸಿಗುವ ಒತ್ತಡ 0.1 ಬಾರ್ ಮಾತ್ರ, ಶವರ್‌ಗೆ ಅದು ಸಾಲದು. ಶವರ್ ಬೇಕೇ ಬೇಕು ಅನ್ನುವವರು 12 ವೋಲ್ಟ್‌ನ ಡಯಾಫ್ರಂ ಪಂಪ್ ಹಾಕಿಸಬಹುದು. ತೋಟದಲ್ಲಿ ಬಳಸುವ ಬ್ಯಾಟರಿ ಸ್ಪ್ರೇಯರ್‌ಗಳಲ್ಲಿ ಇರುವ ಪಂಪ್ ಇದೇ ಜಾತಿಯದ್ದು, ಹಾಗಾಗಿ ರಿಪೇರಿ ಗೊತ್ತಿರುವವರು ಊರೂರಲ್ಲಿ ಸಿಗುತ್ತಾರೆ. ಔಷಧಿ ಹೊಡೆದ ಹಳೆಯ ಪಂಪನ್ನು ಮಾತ್ರ ಬಿಚ್ಚಿ ತರಬೇಡಿ. ಬ್ಯಾಟರಿ ಇಳಿದುಹೋಗುತ್ತದೆ ಅನ್ನುವ ಭಯ ಬೇಕಿಲ್ಲ. ನಿಮಿಷಕ್ಕೆ 4 ಲೀಟರ್ ಕೊಡುವ, 4 ಆಂಪಿಯರ್ ಎಳೆಯುವ ಪಂಪ್‌ನಲ್ಲಿ 100 ಲೀಟರ್ ಪೂರ್ತಿ ಖಾಲಿ ಮಾಡಲು 25 ನಿಮಿಷ, ಅಂದರೆ ಎರಡು ಆಂಪಿಯರ್-ಗಂಟೆಗೂ ಕಡಿಮೆ. ಭಯ ಇರಬೇಕಾದ್ದು ನೀರಿನ ಬಗ್ಗೆ. ಸ್ವಿಚ್ ಒತ್ತಿದರೆ ನೀರು ಬರುತ್ತದೆ ಅಂದರೆ ಮನೆಯ ಅಭ್ಯಾಸ ವಾಪಸ್ ಬಂದುಬಿಡುತ್ತದೆ. ಮಕ್ಕಳಿದ್ದರಂತೂ ಕೇಳುವುದೇ ಬೇಡ.

ಹಾಗಾದರೆ ಯಾವುದು?

ಎರಡು ರಾತ್ರಿ, ನಾಲ್ಕು ಜನ, ಮೂಡಿಗೆರೆ, ಸಕಲೇಶಪುರ, ಕೊಪ್ಪ ಕಡೆ ಪರಿಚಯದ ತೋಟ ಅಥವಾ ಅನುಮತಿ ಇರುವ ಕ್ಯಾಂಪ್ ಜಾಗ, ಇದು ನಿಮ್ಮ ಮಾಮೂಲಿ ಪ್ರವಾಸ ಆದರೆ ಗಟ್ಟಿ ಟ್ಯಾಂಕ್ ಬೇಡವೇ ಬೇಡ. 20 ಲೀಟರ್‌ನ ಮೂರು ಕ್ಯಾನ್, ಜೊತೆಗೆ ಕುಡಿಯಲು ಮಾತ್ರ ಅಂತ ಗುರುತು ಹಾಕಿದ 10 ಲೀಟರ್‌ನ ಎರಡು ಕ್ಯಾನ್ ಸಾಕು. ಅಲ್ಲಿಗೆ 80 ಲೀಟರ್ ಆಯಿತು. ಜಾಸ್ತಿ ರಾತ್ರಿಗೆ ಅಂತ ಲೆಕ್ಕ ಹಾಕಿದ 20 ಲೀಟರ್ ಹೊರುವ ಬದಲು ಒಂದು ಒಳ್ಳೆ ಫಿಲ್ಟರ್ ಇಟ್ಟುಕೊಳ್ಳಿ, ಮನೆ ಬಾವಿಯಿಂದಲೋ ತೋಟಗಳಿಗಿಂತ ಮೇಲಿನ ಝರಿಯಿಂದಲೋ ತುಂಬಿಸಿಕೊಳ್ಳಬಹುದು. 0.1 ಮೈಕ್ರಾನ್‌ನ ಪೊಳ್ಳು ನಾರಿನ (ಹಾಲೋ ಫೈಬರ್) ಫಿಲ್ಟರ್ ಬ್ಯಾಕ್ಟೀರಿಯಾ, ಅಮೀಬಾ ತಡೆಯುತ್ತದೆ. ವೈರಸ್, ರಾಸಾಯನಿಕ ತಡೆಯುವುದಿಲ್ಲ. ವೈರಸ್ ಸಾಯಲಿ ಅಂತ ಸೋಸಿದ ಮೇಲೂ ಕುದಿಸಿ.

ಮೂರು ನಾಲ್ಕು ದಿನ ಬಯಲುಸೀಮೆ ಕಡೆ ಅಥವಾ ಜಿಲ್ಲೆ ದಾಟಿ ಉತ್ತರಕ್ಕೆ ಹೋಗುವವರಿಗೆ, ಭಾರ ಹೊರುವ ಪಿಕಪ್ ಇದ್ದರೆ, ಕ್ಯಾಬಿನ್ ಗೋಡೆಗೆ ಒತ್ತಿ ಕೂರಿಸಿದ 80ರಿಂದ 100 ಲೀಟರ್‌ನ ತಡೆಗೋಡೆ ಇರುವ ಟ್ಯಾಂಕ್ ಸರಿ. ಆಗಲೂ ಕುಡಿಯುವ ನೀರು ಬೇರೆ ಕ್ಯಾನ್‌ನಲ್ಲೇ ಇರಲಿ. ಟ್ಯಾಂಕಿಗೆ ಯಾವುದೋ ಊರಲ್ಲಿ ಕೆಟ್ಟ ನೀರು ತುಂಬಿಸಿದರೆ ಇದ್ದಬದ್ದ ಒಳ್ಳೆ ನೀರೂ ಅದರ ಜೊತೆ ಕೆಡುತ್ತದೆ. 200 ಲೀಟರ್ ಬೇಕಾಗುವ ಪ್ರವಾಸ ನಮ್ಮ ಎರಡು ಜಿಲ್ಲೆಗಳೊಳಗೆ ನನಗಂತೂ ಹೊಳೆಯುತ್ತಿಲ್ಲ.

ಕಾನೂನಿನ ಮಾತು ಎರಡು ಸಾಲಿನಲ್ಲಿ. ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, ಹಾಗಾಗಿ ಚಾಸಿ ಕೊಯ್ಯುವ, ಬಾಡಿ ಕತ್ತರಿಸುವ ಕೆಲಸಕ್ಕಿಂತ ಬಿಚ್ಚಿ ತೆಗೆಯಬಹುದಾದ ಜೋಡಣೆ ವಾಸಿ. ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಕುದುರೆಮುಖ ರಾಷ್ಟ್ರೀಯ ಉದ್ಯಾನ, ಮೀಸಲು ಅರಣ್ಯದೊಳಗೆ ನಿಮ್ಮಷ್ಟಕ್ಕೆ ನೀವು ಟೆಂಟ್ ಹಾಕುವ ಹಾಗಿಲ್ಲ, ಟ್ಯಾಂಕ್ ಎಷ್ಟೇ ದೊಡ್ಡದಿರಲಿ.

ತೊಳೆಯುವುದು, ಎತ್ತಿಡುವುದು

ಹೊಸ ಟ್ಯಾಂಕ್ ಬಂದ ತಕ್ಷಣ, ಆಮೇಲೆ ಪ್ರತಿ ಸೀಸನ್ ಶುರುವಿನಲ್ಲಿ ಒಮ್ಮೆ ಕ್ಲೋರಿನ್ ಹಾಕಿ ತೊಳೆಯಬೇಕು. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಸಾಕು. ಹೊಸ ಬ್ಲೀಚಿಂಗ್ ಪೌಡರ್‌ನಲ್ಲಿ ಕಾಲು ಭಾಗ ಕ್ಲೋರಿನ್ ಅಂತ ಹಿಡಿದರೆ 100 ಲೀಟರ್‌ಗೆ 20 ಗ್ರಾಂ. ಅದನ್ನು ಒಂದು ಬಕೆಟ್‌ನಲ್ಲಿ ಕಲಸಿ, ಸುಣ್ಣ ಕೆಳಗೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ. ನಲ್ಲಿ ತೆರೆದು ವಾಸನೆ ಬರುವವರೆಗೆ ಬಿಟ್ಟು ಮುಚ್ಚಿ, ಪೈಪಿನೊಳಗೂ ಹೋಗಲಿ. ಮೂರು ನಾಲ್ಕು ಗಂಟೆ ಆದ ಮೇಲೆ ಚೆಲ್ಲಿ, ವಾಸನೆ ಹೋಗುವವರೆಗೆ ಒಳ್ಳೆ ನೀರಿನಲ್ಲಿ ಜಾಲಿಸಿ. ಸ್ಟೀಲ್ ಟ್ಯಾಂಕ್ ಆದರೆ ರಾತ್ರಿಯಿಡೀ ಬಿಡಬೇಡಿ, ಕ್ಲೋರಿನ್ ಸ್ಟೀಲನ್ನು ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಈ ನೀರನ್ನು ಹಳ್ಳಕ್ಕೆ, ಕೆರೆಗೆ ಚೆಲ್ಲಬೇಡಿ, ಮೀನು ಸಾಯುತ್ತವೆ.

ಕುಡಿಯುವ ನೀರಿಗೆ ಹಾಕುವ ಪ್ರಮಾಣ ಇದರ ಹತ್ತಿರಕ್ಕೂ ಬರುವುದಿಲ್ಲ. ಬಾವಿಗೆ ಹಾಕುವ ಲೆಕ್ಕ 1,000 ಲೀಟರ್‌ಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪೌಡರ್. ಅದನ್ನು 20 ಲೀಟರ್‌ಗೆ ಇಳಿಸಿದರೆ ಚಿಟಿಕೆಯಲ್ಲಿ ಹತ್ತನೇ ಒಂದು ಪಾಲು, ಕೈಯಲ್ಲಿ ಅಳೆಯಲು ಆಗುವುದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಕ್ಲೋರಿನ್ ಮಾತ್ರೆ ಸಿಗುತ್ತದೆ, ಎಷ್ಟು ಲೀಟರ್‌ಗೆ ಒಂದು ಅಂತ ಪಟ್ಟಿಯ ಮೇಲೆ ಬರೆದಿರುತ್ತದೆ. ಹಾಕಿ ಅರ್ಧ ಗಂಟೆ ಕಾಯಿರಿ.

ಜೂನ್‌ಗೆ ಮಳೆ ಹಿಡಿದು ಗಾಡಿ ಶೆಡ್ ಸೇರಿದ ಮೇಲೆ ಟ್ಯಾಂಕ್‌ನಲ್ಲಿ ಒಂದು ಲೋಟ ನೀರೂ ಉಳಿಸಬೇಡಿ. ವಾಲ್ವ್ ತೆರೆದು, ಗಾಡಿಯ ಮೂಗು ಮೇಲೆ ಮಾಡಿ ನಿಲ್ಲಿಸಿ ಪೂರ್ತಿ ಇಳಿಸಿ. ಪಂಪ್ ಇದ್ದರೆ ಅರ್ಧ ನಿಮಿಷ ಒಣದಾಗಿ ಓಡಿಸಿ ಅದರೊಳಗಿನದ್ದನ್ನೂ ತೆಗೆಯಿರಿ. ಕ್ಯಾನ್‌ಗಳನ್ನು ತಲೆಕೆಳಗೆ ಮಾಡಿ ಎರಡು ದಿನ ಒಲೆ ಮನೆಯ ಬೆಚ್ಚಗಿನ ಜಾಗದಲ್ಲಿ ಇಟ್ಟರೆ ಒಣಗುತ್ತವೆ. ಆಮೇಲೆ ಮುಚ್ಚಳ ಬಿಗಿ ಮಾಡದೆ, ಬಾಯಿಗೆ ಒಂದು ತೆಳು ಬಟ್ಟೆ ಕಟ್ಟಿ ಎತ್ತಿಡಿ. ವಾಷರ್‌ಗಳನ್ನು ಬಿಚ್ಚಿ ಬೇರೆ ಡಬ್ಬಿಯಲ್ಲಿ ಹಾಕಿಟ್ಟರೆ ನವೆಂಬರ್‌ನಲ್ಲಿ ಹೊಸದು ಹುಡುಕಿಕೊಂಡು ಪೇಟೆಗೆ ಓಡಬೇಕಿಲ್ಲ.